ಪೋಲೆಂಡಿನ ಯಾತ್ರಾನಗರಿ ಚೆನ್‌ಸ್ತೊಹೋವಾ

ದಕ್ಷಿಣ ಪೋಲೆಂಡಿನಲ್ಲಿ ವಾರ್ತಾ ನದಿಯ ದಂಡೆಯ ಮೇಲಿರುವ ಚೆನ್‌ಸ್ತೊಹೋವಾ ಸುಮಾರು 2 ಲಕ್ಷ ಜನಸಂಖ್ಯೆಯ ಕೈಗಾರಿಕಾ ನಗರ. ಉಕ್ಕು ಮತ್ತು ಜವಳಿಯಿಂದ ಬೆಳೆದ ಊರಾದರೂ ಇದನ್ನು ಜಗದ್ವಿಖ್ಯಾತಗೊಳಿಸಿದ್ದು 'ಯಾಸ್ನಾ ಗೂರಾ', ಅಂದರೆ ಬೆಳಕಿನ ಬೆಟ್ಟ, ಎಂಬ ಗುಡ್ಡದ ಮೇಲಿನ ಮಠ. ಪ್ರತಿವರ್ಷ ಲಕ್ಷಾಂತರ ಕ್ಯಾಥೊಲಿಕ್ ಯಾತ್ರಿಕರು ಇಲ್ಲಿಗೆ ಬರುತ್ತಾರೆ.

1382ರಲ್ಲಿ ಓಪೊಲೆಯ ದೊರೆ ವ್ಲಾದಿಸ್ಲಾವ್ ಹಂಗೆರಿಯಿಂದ ಪೌಲಿನ್ ಪಂಥದ ಸನ್ಯಾಸಿಗಳನ್ನು ಕರೆಸಿ ಈ ಮಠವನ್ನು ಸ್ಥಾಪಿಸಿದ. ಬಾಲಯೇಸುವನ್ನು ಎತ್ತಿಕೊಂಡಿರುವ ಮೇರಿಮಾತೆಯ ಚಿತ್ರಪಟ ಇಲ್ಲಿಗೆ ಬಂದದ್ದೂ ಅದೇ ಕಾಲದಲ್ಲಿ. ಮರದ ಹಲಗೆಯ ಮೇಲಿನ ಈ ಚಿತ್ರವನ್ನು ಸಂತ ಲೂಕನೇ ಬರೆದನೆಂಬುದು ಐತಿಹ್ಯ. ಮುಖದ ಕಪ್ಪು ವರ್ಣದಿಂದಾಗಿ ಇದಕ್ಕೆ 'ಕಪ್ಪು ಮಡೋನ್ನಾ' ಎಂಬ ಹೆಸರು. 1430ರಲ್ಲಿ ಮಠಕ್ಕೆ ನುಗ್ಗಿದ ದಾಳಿಕೋರರು ಪಟವನ್ನು ಘಾಸಿಗೊಳಿಸಿದರು. ಬಳಿಕ ಅದನ್ನು ಸರಿಪಡಿಸಲಾಯಿತಾದರೂ ಕೆನ್ನೆಯ ಮೇಲಿನ ಎರಡು ಗೀರುಗಳು ಇಂದಿಗೂ ಉಳಿದಿವೆ.

ಈ ಮಠವನ್ನು ಪೋಲೆಂಡಿನ ಜನ ಕೇವಲ ಆರಾಧನಾ ಸ್ಥಳವೆಂದು ಎಣಿಸುವುದಿಲ್ಲ. 1655ರಲ್ಲಿ ಸ್ವೀಡನ್ನಿನ ಸೇನೆ ದೇಶದ ಬಹುಭಾಗವನ್ನು ಆಕ್ರಮಿಸಿದಾಗ, ಅವ್ಗುಸ್ತಿನ್ ಕೊರ್ದೆಟ್ಸ್ಕಿಯ ನೇತೃತ್ವದಲ್ಲಿ ಈ ಕೋಟೆಮಠ ಸುಮಾರು 40 ದಿನಗಳ ಮುತ್ತಿಗೆಯನ್ನು ಎದುರಿಸಿ ನಿಂತಿತು. ಮರುವರ್ಷ ದೊರೆ ಯಾನ್ ಕಾಜಿಮೆಜ್ ಮೇರಿಮಾತೆಯನ್ನು ಪೋಲೆಂಡಿನ ರಾಣಿಯೆಂದು ಸಾರಿದ. 1795ರಿಂದ 1918ರವರೆಗೆ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಹಂಚಿಕೊಂಡಿದ್ದ ದೇಶ ಭೂಪಟದಲ್ಲೇ ಇರಲಿಲ್ಲ. ಆಗ ಮೂರು ಸಾಮ್ರಾಜ್ಯಗಳಲ್ಲಿ ಚದುರಿದ್ದ ಪೋಲಿಷ್ ಜನರನ್ನು ಬೆಸೆದ ತಾಣಗಳಲ್ಲಿ ಇದೂ ಒಂದು.

ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಸಂಘರ್ಷ ಬೇರೆಯೇ ರೂಪ ತಾಳಿತು. ಚಿತ್ರಪಟದ ಪ್ರತಿಯೊಂದು 1957ರಿಂದ ಊರೂರಿಗೆ ಮೆರವಣಿಗೆ ಹೊರಟಿತ್ತು. 1966ರಲ್ಲಿ ಪೊಲೀಸರು ಅದನ್ನು ತಡೆದು, ಯಾಸ್ನಾ ಗೂರಾದಿಂದ ಹೊರಹೋಗದಂತೆ ಕಾವಲು ಹಾಕಿದರು. ಮೆರವಣಿಗೆ ಮಾತ್ರ ನಿಲ್ಲಲಿಲ್ಲ. 1972ರವರೆಗೆ ಬರಿಯ ಚೌಕಟ್ಟು, ಮೋಂಬತ್ತಿ ಹಾಗೂ ಸುವಾರ್ತೆಯ ಪುಸ್ತಕ ಊರಿಂದ ಊರಿಗೆ ಸಾಗಿದವು. ಜನ ಆ ಖಾಲಿ ಚೌಕಟ್ಟಿಗೇ ಕೈಮುಗಿದರು. 1979ರಲ್ಲಿ ಪೋಲೆಂಡಿನವರೇ ಆದ ಪೋಪ್ ಎರಡನೆಯ ಜಾನ್ ಪಾಲ್ ಇಲ್ಲಿಗೆ ಬಂದಾಗ ಜನಸಾಗರವೇ ನೆರೆಯಿತು. ಸಾಲಿಡಾರಿಟಿ ಕಾರ್ಮಿಕ ಚಳವಳಿಯ ನಾಯಕ ಲೆಕ್ ವಲೇಸಾ 1983ರಲ್ಲಿ ತಮಗೆ ದೊರೆತ ನೊಬೆಲ್ ಶಾಂತಿ ಪದಕವನ್ನು ಈ ಮಠಕ್ಕೇ ಅರ್ಪಿಸಿದರು.

ಪಾದಯಾತ್ರೆ ಇಲ್ಲಿನ ಇನ್ನೊಂದು ವೈಶಿಷ್ಟ್ಯ. ಪ್ಲೇಗ್ ಪಿಡುಗಿನ ದಿನಗಳಲ್ಲಿ, 1711ರಲ್ಲಿ, ಹರಕೆ ಹೊತ್ತು ಹೊರಟ ವಾರ್ಸಾ ಯಾತ್ರೆಯ ಸಂಪ್ರದಾಯ ಇಂದಿಗೂ ಮುಂದುವರಿದಿದೆ. ಆಗಸ್ಟ್ 6ರಂದು ರಾಜಧಾನಿಯಿಂದ ಹೊರಡುವ ಯಾತ್ರಿಕರು 9 ದಿನ ನಡೆದು, ಆಗಸ್ಟ್ 15ರ ಮೇರಿಮಾತೆಯ ಹಬ್ಬದ ಮುನ್ನಾದಿನ ಬೆಟ್ಟ ಸೇರುತ್ತಾರೆ. ಗೀರು ಬಿದ್ದ ಆ ಮುಖದಲ್ಲಿ ಅವರು ಕಾಣುವುದು ದೇವಮಾತೆಯನ್ನು ಮಾತ್ರವಲ್ಲ, ಪೆಟ್ಟು ತಿಂದೂ ಉಳಿದುಬಂದ ತಮ್ಮ ನಾಡನ್ನೂ ಹೌದು.