ಹೆತ್ತವರ ಸಂದೇಹ, ಮಕ್ಕಳ ಲಸಿಕೆ

2022ರ ಜನವರಿ 3ರಂದು 15ರಿಂದ 18 ವರ್ಷದೊಳಗಿನವರಿಗೆ ಕೋವಿಡ್ ಲಸಿಕೆ ಆರಂಭವಾದಾಗ, ಬೈಲಕುಪ್ಪೆಯಂತಹ ಊರುಗಳ ಹೆತ್ತವರನ್ನೂ ಒಂದು ಪ್ರಶ್ನೆ ಕಾಡಿತು: ಮಗುವಿಗೆ ಇದರಿಂದ ಕೇಡಾದೀತೇ? ಈ ಸಂದೇಹ ಅವಿಶ್ವಾಸವಲ್ಲ, ವಾತ್ಸಲ್ಯವೇ. ಆದರೆ ಸಂದೇಹ ಎರಡು ಬಗೆ. ತಿಳಿಯಬಯಸುವ ಸಂದೇಹ ವೈದ್ಯರ ಬಳಿಗೆ ಹೋಗುತ್ತದೆ. ಉತ್ತರ ಬೇಡದ ಸಂದೇಹ ಗಾಳಿಸುದ್ದಿಯನ್ನು ಹಂಚುತ್ತದೆ.

ಮೈಸೂರು ಸೀಮೆಗೆ ಈ ಅಳುಕು ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ, ಸಿಡುಬಿನ ವಿರುದ್ಧ ಲಸಿಕೆಯನ್ನು ಜನರ ನಡುವೆ ಪ್ರಚುರಪಡಿಸಿದರು. ಆ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಕೋವಿಡ್ ಲಸಿಕೆ ಸ್ವಇಚ್ಛೆಯದಾಗಿರಬೇಕೆಂದು 2020ರ ಡಿಸೆಂಬರಿನಲ್ಲಿ ವ್ಯಾಟಿಕನ್ ತಿಳಿಸಿತು. ಜೊತೆಗೇ ಸರ್ವರ ಹಿತ ಕಾಯುವ ಕರ್ತವ್ಯವನ್ನೂ ನೆನಪಿಸಿತು. ಸ್ವಾತಂತ್ರ್ಯವೆಂದರೆ ಮನಬಂದಂತೆ ನಡೆಯುವುದಲ್ಲ, ತಿಳಿದು ಒಳಿತನ್ನು ಆರಿಸುವುದು. ನಮ್ಮ ಮಗುವಿನ ರಕ್ಷಣೆಯಲ್ಲಿ ಮನೆಯ ಅಜ್ಜಿಯ, ನೆರೆಮನೆಯ ರೋಗಿಯ ಪಾಲೂ ಇದೆ.

ಆ ಮಹಾಮಾರಿಯ ದಿನಗಳು ಕಳೆದಿವೆ, ಪಾಠ ಉಳಿದಿದೆ. ಪ್ರಿಯ ಹೆತ್ತವರೇ, 10 ಮತ್ತು 16ನೇ ವಯಸ್ಸಿನಲ್ಲಿ ಮಕ್ಕಳಿಗೆ ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆ ಸಲ್ಲಬೇಕು. ಲಸಿಕೆಯ ಚೀಟಿಯನ್ನು ಇಂದೇ ತೆಗೆದು ನೋಡೋಣ. ಅನುಮಾನವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳೋಣ.