ಘಟ್ಟದ ದಾರಿಯಲ್ಲಿ ಕ್ಯಾಂಪರ್ ವ್ಯಾನಿನ ಸಸ್ಪೆನ್ಷನ್

ಮಂಚ, ಒಲೆ, ನೀರಿನ ಟ್ಯಾಂಕ್ ಅಳವಡಿಸಿದ ಕ್ಯಾಂಪರ್ ವ್ಯಾನು ಸದಾ ಹೊರೆ ಹೊತ್ತೇ ಇರುತ್ತದೆ. ಲಾರಿ ಸರಕು ಇಳಿಸಿ ಹಗುರಾಗುತ್ತದೆ. ಇದಕ್ಕೆ ಆ ಬಿಡುವಿಲ್ಲ. 100 ಲೀಟರ್ ನೀರೆಂದರೇ 100 ಕಿಲೋ. ಈ ಭಾರದೊಂದಿಗೆ ಶಿರಸಿಯಿಂದ ಕುಮಟಾ ಕಡೆಗೆ ದೇವಿಮನೆ ಘಟ್ಟ, ಸಿದ್ದಾಪುರದಿಂದ ದೊಡ್ಡಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಯತ್ತ ಅರಬೈಲು ಘಟ್ಟ ಇಳಿಯುವಾಗ ಪೆಟ್ಟೆಲ್ಲ ಸಸ್ಪೆನ್ಷನ್ನಿಗೆ.

ಭಾರ ಹೊರುವುದು ಸ್ಪ್ರಿಂಗ್. ಕುಲುಕಾಟವನ್ನು ಶಾಖವಾಗಿಸಿ ಅಡಗಿಸುವುದು ಶಾಕ್ ಅಬ್ಸಾರ್ಬರ್. ಹೊತ್ತ ಭಾರಕ್ಕೆ 25 ಸೆಂ.ಮೀ. ತಗ್ಗುವ ಸ್ಪ್ರಿಂಗ್ ಸೆಕೆಂಡಿಗೆ ಸುಮಾರು ಒಮ್ಮೆ ಏರಿಳಿಯುತ್ತದೆ, 6 ಸೆಂ.ಮೀ. ಮಾತ್ರ ತಗ್ಗುವಂಥದ್ದು ಎರಡು ಸಲ. ಬಿಗಿ ಹೆಚ್ಚಿದಷ್ಟೂ ಕುಲುಕು ಚುರುಕು.

ಇಂಥ ವ್ಯಾನುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಮಾನು ಪಟ್ಟಿಗಳ ಸೆಟ್ (ಲೀಫ್ ಸ್ಪ್ರಿಂಗ್) ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪಟ್ಟಿಗಳ ನಡುವೆ ಕೆಂಪು ಮಣ್ಣಿನ ಕೆಸರು ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕಿನ ಗುಳಿಯಿಂದಲೇ ಉಕ್ಕಿನಲ್ಲಿ ಸೀಳು ಹುಟ್ಟಿ, ಪ್ರತಿ ಕುಲುಕಿಗೂ ಕೂದಲೆಳೆಯಷ್ಟು ಬೆಳೆದು, ಒಂದು ದಿನ ಪಟ್ಟಿ ಮುರಿಯುತ್ತದೆ. ಆದ್ದರಿಂದ ಮಳೆ ನಿಂತ ಮೇಲೆ ಅಡಿಭಾಗ ತೊಳೆಸಿ, ಪಟ್ಟಿಗಳ ತುದಿ ಮತ್ತು ಸೆಂಟರ್ ಬೋಲ್ಟಿನ ಸುತ್ತ ಸೀಳು ಹುಡುಕಬೇಕು. ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಸಡಿಲಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜರುಗೀತು. ಹೊಸ ಸೆಟ್ ಹಾಕಿಸಿದ ಮೇಲೆ ಕೆಲವು ನೂರು ಕಿ.ಮೀ. ಓಡಿಸಿ ಮತ್ತೆ ಬಿಗಿ ಮಾಡಿಸುವುದು ತಪ್ಪಬಾರದು. ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಬಿಗಿಯಬೇಕು. ಜಾಕಿನ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿದರೆ ಎರಡೂ ಬದಿಯದನ್ನು ಒಟ್ಟಿಗೇ ಬದಲಿಸುವುದು ಕ್ಷೇಮ.

ಹಿಂಬದಿ ಕುಸಿದರೆ ಇನ್ನೊಂದು ಪಟ್ಟಿ ಸೇರಿಸುವುದು ರೂಢಿ. ಸಮನಾದ ಐದು ಪಟ್ಟಿಗೆ ಆರನೆಯದು ಸೇರಿದರೆ ಬಿಗಿ ಸುಮಾರು ಶೇ. 20 ಏರುತ್ತದೆ. ಪಟ್ಟಿಯ ದಪ್ಪ ಎರಡರಷ್ಟಾದರೆ ಬಿಗಿ ಎಂಟು ಪಟ್ಟು! ಹಾಗಾಗಿ ಅಂದಾಜಿನ ಮೇಲೆ ದಪ್ಪ ಪಟ್ಟಿ ಹಾಕಿಸುವುದು ಸರಿಯಲ್ಲ. ಮೊದಲು ಟ್ಯಾಂಕ್ ತುಂಬಿಸಿ, ಸಾಮಾನು ಜನ ಸಹಿತ ವೇ ಬ್ರಿಜ್‌ನಲ್ಲಿ ಹಿಂದಿನ ಆಕ್ಸಲ್ಲನ್ನು ಪ್ರತ್ಯೇಕವಾಗಿ ತೂಗಬೇಕು. ಭಾರ ಮಿತಿಯೊಳಗಿದ್ದೂ ಹಿಂಬದಿ ತಗ್ಗಿದ್ದರೆ, ಗಾಳಿ ತುಂಬುವ ಸಹಾಯಕ ಸ್ಪ್ರಿಂಗ್ ಒಳ್ಳೆಯ ಆಯ್ಕೆ. ಹೊರೆಗೆ ತಕ್ಕಂತೆ ಒತ್ತಡ ಹೊಂದಿಸಬಹುದು. ಬಿಗಿ ಹೆಚ್ಚಿಸಿದಾಗ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಕೂಡ ಬೇಕು, ಇಲ್ಲವಾದರೆ ತಿರುವಿನ ಗುಂಡಿಗಳಲ್ಲಿ ಚಕ್ರ ನೆಲದ ಹಿಡಿತ ಬಿಡುತ್ತದೆ.

ಎಷ್ಟು ಪಟ್ಟಿ ಸೇರಿಸಿದರೂ ಆಕ್ಸಲ್, ಟೈರ್, ಬ್ರೇಕುಗಳ ಮಿತಿ ಏರುವುದಿಲ್ಲ. ತಯಾರಕರು ನಮೂದಿಸಿದ ತೂಕ ಮೀರಿದ ವ್ಯಾನಿಗೆ ಸಾಮಾನು ಇಳಿಸುವುದೊಂದೇ ಸರಿಯಾದ ರಿಪೇರಿ.