ಆಟ ಮುಗಿದ ಮೇಲೂ ಆಟಗಾರ ಬದುಕಬೇಕು

ಯಲಹಂಕ ಉಪನಗರದ ನಮ್ಮ ಬಡಾವಣೆಯ ಉದ್ಯಾನಕ್ಕೆ ಬೆಳಗಿನ ನಡಿಗೆಗೆಂದು ಬರುವ ಹಿರಿಯರೊಬ್ಬರಿದ್ದಾರೆ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಕೆಲವು ವಾರಗಳ ಹಿಂದೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ‘ಸಾರ್, ನಮ್ಮ ಮೊಮ್ಮಗ ರಗ್ಬಿ ಆಡ್ತೀನಿ, ಅದರಲ್ಲೇ ಜೀವನ ಮಾಡ್ತೀನಿ ಅಂತಾನೆ. ಬಿ.ಕಾಂ. ಅರ್ಧಕ್ಕೇ ಬಿಡ್ತಾನಂತೆ. ನೀವು ಸರ್ಕಾರದಲ್ಲಿ ಇದ್ದವರು, ಸ್ವಲ್ಪ ಬುದ್ಧಿ ಹೇಳಿ’ ಎಂದರು.

ಹುಡುಗ ಬಂದ. ಅವನ ವಾದದಲ್ಲಿ ತರ್ಕವಿತ್ತು. ‘ಅಂಕಲ್, ಕ್ರಿಕೆಟ್‌ನಲ್ಲಿ ಲಕ್ಷ ಜನರ ಹಿಂದೆ ನಿಲ್ಲಬೇಕು. ಇಲ್ಲಿ ಸಾಲು ಚಿಕ್ಕದು’ ಎಂದ. ಅರ್ಥಶಾಸ್ತ್ರ ಓದಿದ ನನಗೆ ತಕ್ಷಣ ಹೊಳೆದದ್ದು ಬೇರೆ: ಸಾಲು ಚಿಕ್ಕದೇನೋ ನಿಜ, ಆದರೆ ಕೌಂಟರುಗಳೂ ಒಂದೆರಡೇ.

ಅವನ ಕನಸು ಆಧಾರರಹಿತವಲ್ಲ. 2025ರ ಜೂನ್ 15ರಿಂದ 29ರವರೆಗೆ ಮುಂಬೈನ ಅಂಧೇರಿಯಲ್ಲಿ ದೇಶದ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ಫ್ರಾಂಚೈಸಿ ತಂಡಗಳಲ್ಲಿ ಒಂದರ ಹೆಸರು ಬೆಂಗಳೂರು ಬ್ರೇವ್‌ಹಾರ್ಟ್ಸ್. ರಗ್ಬಿ ಯೂನಿಯನ್ನಿನ ಪೂರ್ಣರೂಪದಲ್ಲಿ ತಂಡಕ್ಕೆ ಹದಿನೈದು ಮಂದಿ, ಆಟ ಎಂಬತ್ತು ನಿಮಿಷ. ಲೀಗ್ ಆಯ್ದುಕೊಂಡದ್ದು ಏಳು ಮಂದಿಯ ಕಿರುರೂಪವನ್ನು. ಫೈನಲ್‌ನಲ್ಲಿ ಚೆನ್ನೈ ತಂಡ ದೆಹಲಿಯನ್ನು 41–0ರಿಂದ ಸೋಲಿಸಿತು. ವಿದೇಶದ ಒಲಿಂಪಿಕ್ ಆಟಗಾರರ ಭುಜಕ್ಕೆ ಭುಜ ಕೊಟ್ಟು ನಮ್ಮ ಹುಡುಗರೂ ಆಡಿದರು, ಸಂಭಾವನೆ ಪಡೆದರು. ಇದು ಸಣ್ಣ ಸಂಗತಿಯಲ್ಲ. ಆದರೆ ಲೀಗ್ ನಡೆದದ್ದು ಹದಿನೈದು ದಿನ; ವರ್ಷಕ್ಕೆ ಮುನ್ನೂರ ಅರವತ್ತೈದು ದಿನ. ಉಳಿದ ಮುನ್ನೂರೈವತ್ತು ದಿನ ಆಟಗಾರನ ಅನ್ನ ಎಲ್ಲಿಂದ ಬರಬೇಕು?

ಈ ಪ್ರಶ್ನೆ ರಗ್ಬಿಗೆ ಹೊಸದಲ್ಲ. ಅದರ ಇತಿಹಾಸವೇ ಕೂಲಿಯ ಜಗಳದ ಇತಿಹಾಸ. ಉತ್ತರ ಇಂಗ್ಲೆಂಡಿನ ಗಿರಣಿ ಮತ್ತು ಗಣಿ ಕಾರ್ಮಿಕರು ಶನಿವಾರದ ದುಡಿಮೆ ಬಿಟ್ಟು ಆಡಬೇಕಾಗಿತ್ತು. ತಪ್ಪಿದ ಕೂಲಿಯನ್ನು ತುಂಬಿಕೊಡಿ ಎಂದು ಅಲ್ಲಿನ ಕ್ಲಬ್‌ಗಳು ಕೇಳಿದಾಗ, ಹಣವಂತರ ಹಿಡಿತದಲ್ಲಿದ್ದ ಸಂಸ್ಥೆ ಒಪ್ಪಲಿಲ್ಲ. 1895ರ ಆಗಸ್ಟ್‌ನಲ್ಲಿ ಆ ಕ್ಲಬ್‌ಗಳು ಸಿಡಿದು ಹೊರಬಂದವು. ರಗ್ಬಿ ಲೀಗ್ ಎಂಬ ಬೇರೆ ಆಟವೇ ಹುಟ್ಟಿತು. ರಗ್ಬಿ ಯೂನಿಯನ್ ಮಾತ್ರ ಹವ್ಯಾಸಿ ಆಟವಾಗಿಯೇ ಉಳಿದು, ಸರಿಯಾಗಿ ನೂರು ವರ್ಷದ ನಂತರ, 1995ರ ಆಗಸ್ಟ್‌ನಲ್ಲಿ, ಆಟಗಾರರಿಗೆ ಸಂಬಳ ಕೊಡಲು ಸಮ್ಮತಿಸಿತು. ವಿಚಿತ್ರವೆಂದರೆ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಸೆಣಸುವ ಕಲ್ಕತ್ತಾ ಕಪ್ ತಯಾರಾದದ್ದು ನಮ್ಮ ಬೆಳ್ಳಿ ರೂಪಾಯಿಗಳನ್ನು ಕರಗಿಸಿ. 1878ರಲ್ಲಿ ಕಲ್ಕತ್ತಾದ ಬ್ರಿಟಿಷರ ಕ್ಲಬ್ ಮುಚ್ಚಿದಾಗ ಉಳಿದ ಹಣ ಅದು. ಬಟ್ಟಲಿಗೆ ರೂಪಾಯಿ ದೊರೆಯಿತು; ಆಡುವವನ ಕೈಗೆ ಸಂಬಳ ಬರಲು ಶತಮಾನವೇ ಬೇಕಾಯಿತು.

ಸಂಬಳ ಬಂದ ಮೇಲಾದರೂ ಬದುಕು ಭದ್ರವಾಯಿತೇ? 2022ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಎರಡು ಕ್ಲಬ್‌ಗಳ ಆಟಗಾರರು ಕೆಲಸ ಕಳೆದುಕೊಂಡರು. ವೂಸ್ಟರ್ ಕ್ಲಬ್ಬಿನ ಒಪ್ಪಂದಗಳು ರದ್ದಾದವು. ವಾಸ್ಪ್ಸ್ ಕ್ಲಬ್ಬಿನಲ್ಲಿ ಆಟಗಾರರೂ ಸಿಬ್ಬಂದಿಯೂ ಸೇರಿ 167 ಮಂದಿ ಒಂದೇ ದಿನ ಮನೆಗೆ ನಡೆದರು. ಮರುವರ್ಷ ಲಂಡನ್ ಐರಿಶ್ ಕ್ಲಬ್ಬಿನದೂ ಅದೇ ಪಾಡಾಯಿತು. ಪ್ರೇಕ್ಷಕರು ತುಂಬುವ ದೇಶದ ಕಥೆ ಇದು.

ದೇಹದ ಲೆಕ್ಕ ಇನ್ನೂ ಕಠೋರ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಮುಂಪಡೆಯ ಆಟಗಾರ ಸ್ಟೀವ್ ಥಾಂಪ್ಸನ್, ತಮಗೆ ಮರೆವಿನ ಕಾಯಿಲೆ ತಗುಲಿದೆಯೆಂದು 2020ರಲ್ಲಿ ಬಹಿರಂಗಪಡಿಸಿದರು. ಆಗ ಅವರ ವಯಸ್ಸು ನಲವತ್ತೆರಡು. ಗೆದ್ದ ಆ ವಿಶ್ವಕಪ್ಪೇ ನೆನಪಿನಲ್ಲಿಲ್ಲ ಎಂದರು. ಅವರೂ ಇತರ ಮಾಜಿ ಆಟಗಾರರೂ ಸೇರಿ, ತಲೆಗೆ ಪದೇ ಪದೇ ಬೀಳುವ ಪೆಟ್ಟಿನಿಂದ ತಮ್ಮನ್ನು ಕಾಪಾಡಲಿಲ್ಲವೆಂದು ಆಡಳಿತ ಸಂಸ್ಥೆಗಳ ವಿರುದ್ಧ ಕಾನೂನು ಸಮರಕ್ಕಿಳಿದರು. ಹತ್ತು ಹನ್ನೆರಡು ವರ್ಷದ ದುಡಿಮೆ, ಅದರ ನಂತರ ನಲವತ್ತು ವರ್ಷದ ಬದುಕು. ಸರ್ಕಾರಿ ನೌಕರನ ಲೆಕ್ಕ ಇದಕ್ಕೆ ತದ್ವಿರುದ್ಧ.

ನಮ್ಮ ಊರು ಈ ಸಮಸ್ಯೆಗೆ ಒಮ್ಮೆ ತನ್ನದೇ ಪರಿಹಾರ ಕಂಡುಕೊಂಡಿತ್ತು. ಪ್ರಕಾಶ್ ಪಡುಕೋಣೆ ಯೂನಿಯನ್ ಬ್ಯಾಂಕಿನಲ್ಲಿದ್ದರು, ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಫುಟ್ಬಾಲ್ ತಂಡಗಳನ್ನೂ, ವಿಜಯಾ ಬ್ಯಾಂಕ್ ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ತಂಡಗಳನ್ನೂ ಸಾಕಿದವು. ಸಂಬಳ ಹೆಚ್ಚಿರಲಿಲ್ಲ, ಆದರೆ ಮಂಡಿ ಮುರಿದವನಿಗೂ ಮರುದಿನ ಕೂರಲು ಒಂದು ಕುರ್ಚಿ ಇರುತ್ತಿತ್ತು. ಆ ಕುರ್ಚಿಗಳು ಈಗ ಕಡಿಮೆಯಾಗಿವೆ. ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ಪಡುಕೋಣೆ ಮತ್ತು ದ್ರಾವಿಡ್ ಅವರ ಹೆಸರಿನ ಸುಸಜ್ಜಿತ ಕ್ರೀಡಾ ಕೇಂದ್ರ ಸಿಗುತ್ತದೆ. ಆಟ ಕಲಿಯುವ ಸೌಲಭ್ಯ ಹೆಚ್ಚಿದೆ. ಆಟ ಮುಗಿಸಿದವನಿಗೆ ಆಸರೆ ಕುಗ್ಗಿದೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಕೇಂದ್ರದ ಸಿಬ್ಬಂದಿ ಇಲಾಖೆ 2020ರ ಸೆಪ್ಟೆಂಬರ್‌ನಲ್ಲಿ ಕ್ರೀಡಾ ಕೋಟಾದ ಪಟ್ಟಿಯನ್ನು 43 ಆಟಗಳಿಂದ 63ಕ್ಕೆ ಏರಿಸಿದಾಗ ರಗ್ಬಿಯೂ ಅದರಲ್ಲಿ ಸೇರಿತು. ಬಿಹಾರ ಸರ್ಕಾರ ಪದಕ ಗೆದ್ದ ರಗ್ಬಿ ಆಟಗಾರ್ತಿಯರಿಗೆ ನೌಕರಿ ಕೊಟ್ಟಿದೆ. ಆದರೆ ಆದೇಶಕ್ಕೂ ನೇಮಕಾತಿ ಪತ್ರಕ್ಕೂ ನಡುವಿನ ದೂರವನ್ನು ನಾನು ಬಲ್ಲೆ. ಸೇವೆಯಲ್ಲಿದ್ದಾಗ ಕಬಡ್ಡಿ ಆಟಗಾರನೊಬ್ಬನ ಕಡತ ನನ್ನ ಮೇಜಿಗೆ ಬಂದಿತ್ತು. ಪ್ರಮಾಣಪತ್ರ ನಿಗದಿತ ನಮೂನೆಯಲ್ಲಿಲ್ಲವೆಂದು ಸ್ಪಷ್ಟನೆ ಕೇಳಿ ಹಿಂದಿರುಗಿಸಿದೆವು. ಸ್ಪಷ್ಟನೆ ಬರುವ ಹೊತ್ತಿಗೆ ಅವನ ವಯೋಮಿತಿ ಮೀರಿತ್ತು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆ ಕಡತದಲ್ಲಿ ನನ್ನ ಸಹಿಯೂ ಇದೆ.

ಆದ್ದರಿಂದ ನನ್ನ ಸಲಹೆ ಸರಳ. ನಗರದ ಹೆಸರನ್ನು ಎದೆಯ ಮೇಲೆ ಹೊತ್ತ ಯಾವುದೇ ತಂಡ ಆಟಗಾರನಿಗೆ ವರ್ಷವಿಡೀ ಅನ್ವಯಿಸುವ ಗಾಯದ ವಿಮೆ ಕೊಡಬೇಕು, ಒಪ್ಪಂದ ಮುಗಿದ ಮೇಲೂ ಆ ಗಾಯದ ಚಿಕಿತ್ಸೆಯ ಹೊಣೆ ಹೊರಬೇಕು. ಸಂಭಾವನೆಯ ಒಂದು ಪಾಲು ಭವಿಷ್ಯ ನಿಧಿಯ ಮಾದರಿಯಲ್ಲಿ ಕಡ್ಡಾಯವಾಗಿ ಉಳಿಯಬೇಕು. ತಲೆಗೆ ಪೆಟ್ಟು ಬಿದ್ದವನು ಮತ್ತೆ ಅಂಗಳಕ್ಕಿಳಿಯಬಹುದೇ ಎಂಬುದನ್ನು ತಂಡದ ಮಾಲೀಕರಲ್ಲ, ಸ್ವತಂತ್ರ ವೈದ್ಯರು ನಿರ್ಧರಿಸಬೇಕು. ರಾಜ್ಯ ಸರ್ಕಾರ ಕ್ರೀಡಾ ಕೋಟಾದ ಅರ್ಜಿಗಳಿಗೆ ಕಾಲಮಿತಿ ವಿಧಿಸಿ, ಇಲಾಖೆಯ ವಿಳಂಬದಿಂದ ವಯಸ್ಸು ಮೀರಿದರೆ ವಿನಾಯಿತಿ ಕೊಡಬೇಕು. ಇದ್ಯಾವುದೂ ಹೊಸ ಕ್ರೀಡಾಂಗಣದಷ್ಟು ಖರ್ಚಿನ ಬಾಬತ್ತಲ್ಲ.

ಹುಡುಗನಿಗೆ ಆಡಬೇಡ ಎಂದು ನಾನು ಹೇಳಲಿಲ್ಲ. ಇದರಿಂದ ಅವನ ತಾತನಿಗೆ ತುಸು ಬೇಸರವಾಗಿರಬಹುದು. ಬೆಳಿಗ್ಗೆ ಅಭ್ಯಾಸ ಮಾಡು, ಆದರೆ ಪದವಿ ಬಿಡಬೇಡ ಎಂದೆ. ಅದಕ್ಕೆ ಅವನು ಅರೆಮನಸ್ಸಿನಿಂದ ತಲೆಯಾಡಿಸಿದ. ಇನ್ನೊಂದು ಮಾತನ್ನೂ ಸೇರಿಸಿದೆ: ಯಾವ ತಂಡದಿಂದ ಒಪ್ಪಂದ ಬಂದರೂ ಸಹಿ ಹಾಕುವ ಮುನ್ನ ಕಾಗದವನ್ನು ನನಗೆ ತಂದು ತೋರಿಸು. ಸಣ್ಣ ಅಕ್ಷರಗಳನ್ನು ಓದುವುದೊಂದನ್ನು ನಾನು ಜೀವನಪೂರ್ತಿ ಮಾಡಿದ್ದೇನೆ.